ಹನ್ನೊಂದು ನಿಮಿಷ

ಬನಹಟ್ಟಿ ಟಾಕೀಸಿನ್ಯಾಗ ನಂದು ಬ್ಯಾಟರಿ ಹಿಡಿಯೂ ಕೆಲಸ.
ಹಗಲ ಮಗ್ಗ, ರಾತ್ರಿ ಎರಡನೇ ಆಟ.
ಸಿನಿಮಾ ನನ್ನ ಪಾಲಿಗೆ ಬರೂದು ಹನ್ನೊಂದ ನಿಮಿಷ,
ಆಮ್ಯಾಲ ಹರದ ಟಿಕೀಟ ಎಣಸಾಕ ಮ್ಯಾನೇಜರ್ ಕರೀತಾನ.
ಇಪ್ಪತ್ತಾರು ವರ್ಷ ಆತು,
ಒಂದು ಕೊಲಿಯರೆ ಯಾರು ಮಾಡಿದ್ರು ಅಂತ ನನಗ ಗೊತ್ತಿಲ್ಲ.
ಆದ್ರ ಕೊಲಿ ಹೆಂಗ ಬರತೈತಿ ಅನ್ನೂದು ಗೊತ್ತೈತಿ.

ಕೆಲವರು ಸುರುವಿಗೇ ಜೀಪು ಓಡಸ್ತಾರ, ಗಾಜು ಒಡಸ್ತಾರ.
ಮಂದಿ ಚೂಡಾದ ಪೊಟ್ಟಣ ಬಿಚ್ಚತಾರ.
ಬಲ್ಲಾಂವ ಹಂಗ ಮಾಡಂಗಿಲ್ಲ.
ಅಂವಾ ಕಾಲಿನ ಕಡೆಯಿಂದ ಬರ್ತಾನ.

ಈ ವಾರದ್ದು ತಗೋರಿ.
ಹೆಸರು ಬೀಳೂಕಿಂತ ಮೊದಲ ಒಂದು ನಳ.
ಹನಿ ಬಿತ್ತು. ತಡದು ಇನ್ನೊಂದು.
ಮೂರನೇದು ಬೀಳಲಿಲ್ಲ.
ಬೀಳದ ಹನಿ ಸಲುವಾಗಿ ಮುನ್ನೂರು ಮಂದಿ
ಕುತಿಗಿ ಮುಂದ ಮಾಡಿ ಕುಂತ್ರು.

ಆಮ್ಯಾಲ ಅಂವಾ. ಮಾರಿ ಇಲ್ಲ, ಬರೇ ಚಪ್ಪಲಿ.
ಕಟಗಿ ಪಾವಟಗಿ ಏರ್ತಾನ:
ಒಂದು, ಎರಡು, ನಾಕು.
ಮೂರನೇದು ಕಿರ್ ಅಂತೈತಿ ಅಂತ ಅಂವಗ ಗೊತ್ತೈತಿ.
ಅಂದ್ರ ಈ ಮನ್ಯಾಗ ಬೆಳದಾನ,
ಇಲ್ಲಾ, ಭಾಳ ಸಲ ಕದ್ದು ಬಂದಾನ.
ಚಪ್ಪಲಿ ಬಿಟ್ಟ, ಮೂತಿ ಹೊರಗ ಮಾಡಿ.
ಒಂದ ಕೈ ತೊಳಕೊಂಡ, ಬಲಗೈ.
ಎಡಗೈ ಕಿಸೆದಾಗ.
ಗ್ವಾಡಿ ಮ್ಯಾಲಿನ ತಾರೀಖು ನಾಕ ದಿನ ಹರದಿಲ್ಲ.
ಒಂದು ಹಾಳಿ ಹರದ, ಮೂರು ಹಂಗ ಬಿಟ್ಟ.
ಯಾವ ದಿನದಾಗ ಸಿಕ್ಕೊಂಡಾನೋ.
ಮಾತಿಲ್ಲ, ಬಾಜಾ ಇಲ್ಲ.

ಬಾಜಾ ನಮ್ಮೂರಿಂದು.
ಗ್ವಾಡಿ ಆಚೆ ಪಾವರ್‌ಲೂಮು, ಖಟಾ ಖಟ್, ಖಟಾ ಖಟ್.
ಎಂಥಾ ಪ್ರೀತಿ ಇರಲಿ, ಎಂಥಾ ಅಳು ಇರಲಿ,
ನಮ್ಮ ಟಾಕೀಸಿನ್ಯಾಗ ಆ ತಾಳ ಬಿಟ್ಟು ನಡದಿಲ್ಲ.
ಮಂಗಳವಾರ ರಾತ್ರಿ ತ್ರೀ ಫೇಸ್ ಹೋತು. ಸಿಂಗಲ್ ಉಳೀತು.
ತೆರಿ ಬೆಳಗೂದು ಬೆಳಗಿತ್ತು, ಮಗ್ಗ ಅಷ್ಟ ನಿಂತುವು,
ಸರಿಯಾಗಿ ಅಂವಾ ಎರಡು ಕಪ್ಪಿಗೆ ಚಾ ಸೋಸೂ ಹೊತ್ತಿಗೆ.

ಹಾಸಿನ ಎಳಿ ಹರಿಯೂಕಿಂತ ಮೊದಲ ಸಣ್ಣಗ ಗುಂಯ್ ಅಂತೈತಿ,
ಕಿವಿಗಲ್ಲ, ಬೆರಳಿಗೆ ತಿಳೀತೈತಿ.
ಹಂಗ ಗುಂಯ್ ಅಂತು ಟಾಕೀಸು.
ಯಾರೋ ಶೇಂಗಾದ ಸಿಪ್ಪಿ ಒಡದ್ರು,
ಯಾರೋ ಅವನ ತಾಯಿನ ನೆನಸಿದ್ರು.
ತಡಾ ಆಗಿ ಬಂದಾವೊಬ್ಬ ಪಡದೆ ಸರಿಸಿ ನಿಂತಿದ್ದ,
ನಾ ಅವಗ ಬೆಳಕ ತೋರಸಲಿಲ್ಲ. ಅಲ್ಲೇ ಸಾಯಲಿ.
ತೆರಿ ಮ್ಯಾಲ ಅಂವಾ ಒಂದು ಕಪ್ಪು ಕುಡದ.
ಇನ್ನೊಂದು, ಮುಚ್ಚಿದ ಬಾಗಲಾ ಮುಂದ ಇಟ್ಟು ನಿಂತ.
ಹಬಿ ಏರ್ತಿತ್ತು.

ನನ್ನ ಭುಜಾ ಯಾರೋ ಮುಟ್ಟಿದ್ರು.
ಚೀರಿದೆ.
ನಾ ಚೀರಿದ್ದಕ್ಕ ಮುನ್ನೂರು ಮಂದಿ ಚೀರಿದ್ರು.
ಮ್ಯಾನೇಜರ್. "ದುಂಡಪ್ಪಾ, ಟಿಕೀಟ."

ಒಂದರ ಮ್ಯಾಲ ಮನಿಗೆ ಬಂದೆ.
ನೀಲವ್ವ ಚರಕಾದ ಮುಂದ ಕಂಡಿಕಿ ಸುತ್ತಾಕತ್ತಿದ್ಲು.
ಹೇಳಿದೆ ಎಲ್ಲಾ, ನಳ, ಪಾವಟಗಿ, ತಾರೀಖು, ಚಾ.
ಬಾಗಲಾ ಹಿಂದ ಯಾರಿದ್ರು ಅಂತ ಅಕಿ ಕೇಳಲಿಲ್ಲ.
"ಕಪ್ಪಿನ ಮ್ಯಾಲ ಬಸಿ ಮುಚ್ಚಿದ್ನೇನು?" ಅಂದ್ಲು.
ಇಲ್ಲ. ಹಬಿ ಕಂಡಿತ್ತಲ್ಲ.
"ಹಂಗಾರ ಒಳಗ ಕುಡಿಯಾವ್ರು ಯಾರೂ ಇಲ್ಲ.
ಅದು ಅಂವಗೂ ಗೊತ್ತೈತಿ."
ಎಳಿ ಹರೀತು. ತುದಿ ನಾಲಿಗಿಗೆ ಹಚ್ಚಿ ಗಂಟ ಹಾಕಿದ್ಲು.

ಇಪ್ಪತ್ತಾರು ವರ್ಷ ಬ್ಯಾಟರಿ ಹಿಡದೇನಿ ನಾ.

ಒಲಿ ಕಡೆ ನೋಡಿದೆ:
ಗಂಗಾಳದ ಮ್ಯಾಲ ಇನ್ನೊಂದು ಗಂಗಾಳ.
ಉಣ್ಣಾಕ ಕುಂಡ್ರೂಕಿಂತ ಮೊದಲ
ನನ್ನ ಚಪ್ಪಲಿ ಯಾ ಕಡೆ ಮೂತಿ ಮಾಡಿ ಬಿಟ್ಟೇನಿ ಅಂತ
ಹೊರಗ ಹೋಗಿ ನೋಡಿ ಬಂದೆ.